ಸ್ವಂತ ಐಪಿ ವಿಳಾಸಕ್ಕೆ ದುಡ್ಡು ಕೊಡುವ ಮೊದಲು

ಬದಿಯಡ್ಕ, ಕುಂಬಳೆ ಕಡೆಯ ಯಕ್ಷಗಾನ ಸಂಘಗಳಿಗೆ, ವಾಚನಾಲಯಗಳಿಗೆ ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ. ಹೋಸ್ಟಿಂಗ್ ಬಿಲ್ಲಿನಲ್ಲಿ 'ಡೆಡಿಕೇಟೆಡ್ ಐಪಿ', ಅಂದರೆ ಆ ಸೈಟಿಗೇ ಮೀಸಲಾದ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ), ಎಂಬ ಸಾಲು ಕಂಡರೆ ಮೊದಲು ಅದನ್ನು ತೆಗೆಸುತ್ತೇನೆ. ಊರವರು ಚಂದಾ ಎತ್ತಿದ ದುಡ್ಡು, ಸುಮ್ನೆ ಯಾಕೆ ಹೋಗಬೇಕು?

ಐಪಿವಿ4 ಎಂಬ ಹಳೇ ಮಾದರಿಯ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಯಿತು. ಅದೇ ಏಪ್ರಿಲ್‌ನಿಂದ ಏಷ್ಯಾ-ಪೆಸಿಫಿಕ್ ವಲಯದಲ್ಲೂ ಅಳೆದು ಕೊಡುವುದು ಶುರುವಾಯಿತು. ಅಮೆಜಾನ್ ಕ್ಲೌಡ್ 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಅಮೆರಿಕನ್ ಸೆಂಟ್ ಬಾಡಿಗೆ ಹಾಕುತ್ತಿದೆ.

ಸಣ್ಣ ಸೈಟಿಗೆ ಇದರ ಬಿಸಿ ತಟ್ಟಬೇಕಿಲ್ಲ. ನಮ್ಮಲ್ಲಿ ಒಂದೇ ಅಂಚೆಗೆ ಬಂದ ಕಾಗದ ಮನೆಹೆಸರಿನಿಂದಲೇ ಸರಿಯಾದ ಮನೆಗೆ ಮುಟ್ಟುತ್ತದಲ್ವಾ? ಒಂದೇ ಐಪಿಯಲ್ಲಿ ಹಲವು ಸೈಟ್ ಇಡುವ ಶೇರ್ಡ್ ಹೋಸ್ಟಿಂಗ್ ಕೂಡ ಹಾಗೆಯೇ. ಬ್ರೌಸರ್ ಡೊಮೇನ್ ಹೆಸರನ್ನು ಕಳಿಸುತ್ತದೆ, ಸರ್ವರ್ ಅದನ್ನು ನೋಡಿ ಸೈಟ್ ಕೊಡುತ್ತದೆ. ಎಚ್‌ಟಿಟಿಪಿಎಸ್‌ಗೆ (ಸುರಕ್ಷಿತ ಸಂಪರ್ಕಕ್ಕೆ) ಸ್ವಂತ ಐಪಿ ಬೇಕೆನ್ನುವುದು ವಿಂಡೋಸ್ ಎಕ್ಸ್‌ಪಿ ಕಾಲದ ಮಾತು. ಈಗಿನ ಬ್ರೌಸರ್‌ಗಳೆಲ್ಲ ಎಸ್‌ಎನ್‌ಐ, ಅಂದರೆ ಸುರಕ್ಷಿತ ಸಂಪರ್ಕದ ಶುರುವಿನಲ್ಲೇ ಡೊಮೇನ್ ಹೆಸರು ಹೇಳುವ ವಿಧಾನವನ್ನು ಬಲ್ಲವು. ಇಮೇಲ್ ಮಾತ್ರ ಬೇರೆ ಕಡೆ ಇಡಿ. ಅದೇ ಐಪಿಯಲ್ಲಿರುವ ಇನ್ಯಾರೋ ಸ್ಪ್ಯಾಮ್ ಕಳಿಸಿದರೆ ನಿಮ್ಮ ಕಾಗದವೂ ಸ್ಪ್ಯಾಮ್ ಡಬ್ಬಿಗೆ ಬೀಳಬಹುದು.

ಮನೆಯಲ್ಲೇ ಹಳೇ ಕಂಪ್ಯೂಟರ್ ಇಟ್ಟು ತಾಳಮದ್ದಳೆ ರೆಕಾರ್ಡಿಂಗ್ ಹಾಕುವವರಿಗೇ ನಿಜವಾದ ಕಷ್ಟ. ಮೊದಲು ರೂಟರ್ ತೆರೆದು ವ್ಯಾನ್ ಐಪಿ (ನೆಟ್ ಕಂಪೆನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. 10ರಿಂದ ಶುರುವಾದರೂ ಕತೆ ಹೆಚ್ಚುಕಡಿಮೆ ಅದೇ. ಇಂಥ ಕಡೆ ರೂಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ, ಅಂದರೆ ಹೊರಗಿನ ಸಂಪರ್ಕಕ್ಕೆ ದಾರಿ ಬಿಟ್ಟರೂ, ಹೊರಗಿನವರು ಒಳಗೆ ಬರಲಾರರು. ನೆಟ್ ಕಂಪೆನಿಯವರು ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ಕೊಡುತ್ತೇವೆ ಎನ್ನಬಹುದು, ಅದಕ್ಕೆ ಹೆಚ್ಚಾಗಿ ಬೇರೆ ಬಾಡಿಗೆ.

ನಾನು ಮೊದಲು ಐಪಿವಿ6 ಹುಡುಕುತ್ತೇನೆ, ಅದು ವಿಳಾಸಗಳ ಕೊರತೆಯಿಲ್ಲದ ಹೊಸ ಮಾದರಿ. ಕಂಪ್ಯೂಟರಿಗೆ 2ರಿಂದ ಶುರುವಾಗುವ ಉದ್ದ ವಿಳಾಸ ಸಿಕ್ಕಿದೆಯೇ ನೋಡಿ. ಸಿಕ್ಕಿದ್ದರೆ ರೂಟರಿನ ಫೈರ್‌ವಾಲ್‌ನಲ್ಲಿ (ಹೊರಗಿನವರನ್ನು ತಡೆಯುವ ಕಾವಲು) ಆ ಯಂತ್ರಕ್ಕೆ ಎಚ್‌ಟಿಟಿಪಿಎಸ್ ಬರುವ 443ನೇ ಪೋರ್ಟ್ ಒಂದನ್ನೇ ತೆರೆದು ಬಿಡಿ. ಡೊಮೇನ್ ಹೆಸರನ್ನು ಆ ಐಪಿವಿ6 ವಿಳಾಸಕ್ಕೆ ಜೋಡಿಸುವ ಎಎಎಎ ರೆಕಾರ್ಡ್ ಹಾಕಿ. ವಿಳಾಸ ಆಗಾಗ ಬದಲಾಗುತ್ತಿದ್ದರೆ ಆ ರೆಕಾರ್ಡನ್ನು ತಾನಾಗಿ ತಿದ್ದುವ ಡೈನಾಮಿಕ್ ಡಿಎನ್‌ಎಸ್ ಜೋಡಿಸಿ. ಐಪಿವಿ6 ಸಿಗದಿದ್ದರೆ ಟನೆಲ್ ಸೇವೆ ಬಳಸಿ. ಅದರಲ್ಲಿ ನಿಮ್ಮ ಕಂಪ್ಯೂಟರೇ ಹೊರಗೆ ಸಂಪರ್ಕ ಮಾಡುವುದರಿಂದ ಸಿಜಿನ್ಯಾಟ್ ಅಡ್ಡಿಯಾಗುವುದಿಲ್ಲ.

ಆಮೇಲೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಸೈಟ್ ತೆರೆದು ನೋಡಿ. ಬಂದರೂ ಅಷ್ಟಕ್ಕೇ ಬಿಡಬೇಡಿ. ನೀವು ಐಪಿವಿ6 ದಾರಿ ಹಿಡಿದಿದ್ದು, ಗಲ್ಫ್‌ನಲ್ಲಿರುವ ನಮ್ಮೂರವರ ರೂಮಿನ ನೆಟ್ಟಿನಲ್ಲಿ ಐಪಿವಿ4 ಮಾತ್ರ ಇದ್ದರೆ ಅವರಿಗೆ ಏನೂ ಕಾಣುವುದಿಲ್ಲ. ಅದಕ್ಕೆ ಕ್ಲೌಡ್‌ಫ್ಲೇರ್‌ನಂಥ ಉಚಿತ ಪ್ರಾಕ್ಸಿ (ನಡುವೆ ನಿಂತು ದಾಟಿಸುವ ಸರ್ವರ್) ಮುಂದಿಡಿ. ಐಪಿವಿ4ರಲ್ಲಿ ಬಂದವರನ್ನು ಅದು ಐಪಿವಿ6 ಮೂಲಕ ನಿಮ್ಮ ಕಂಪ್ಯೂಟರಿಗೆ ತಲುಪಿಸುತ್ತದೆ. ಗಂಟೆಗಟ್ಟಲೆಯ ವಿಡಿಯೊ ಮಾತ್ರ ಅದರ ಮೂಲಕ ಬಿಡಬೇಡಿ, ಉಚಿತ ಸೇವೆ ಇರುವುದು ಪುಟಗಳಿಗೆ.