ಮಾವಿನ ಅಂಗಡಿಯ ಜಾಲತಾಣ: ಗಿರಾಕಿಯ ಮಾಹಿತಿಯನ್ನು ಎಷ್ಟು ಕೇಳಬೇಕು, ಎಲ್ಲಿಯವರೆಗೆ ಇಡಬೇಕು

ಶ್ರೀನಿವಾಸಪುರದ ಸುತ್ತಮುತ್ತ ಮಾವಿನ ತೋಟವುಳ್ಳ ಕೆಲವರು ಈಗ ಹಣ್ಣನ್ನು ಮಂಡಿಗೆ ಹಾಕುವುದರ ಜೊತೆಗೆ ಸ್ವಂತ ಜಾಲತಾಣದ ಮೂಲಕ ಬೆಂಗಳೂರಿನ ಮನೆಗಳಿಗೂ ನೇರವಾಗಿ ಕಳುಹಿಸುತ್ತಾರೆ. ಕೋಲಾರದಲ್ಲಿ ಇಂಥ ಜಾಲತಾಣಗಳನ್ನು ನೋಡಿಕೊಳ್ಳುವ ನನ್ನ ಬಳಿ ಬರುವವರು ಮೊದಲು ಕೇಳುವುದು, ಪುಟದ ಕೆಳಗೆ ಕುಕಿಗಳಿಗೆ ಒಪ್ಪಿಗೆ ಕೇಳುವ ಪಟ್ಟಿಯೊಂದನ್ನು ಹಾಕಿಕೊಡಿ ಎಂದು. ಆದರೆ ಕೆಲಸ ಆರಂಭವಾಗಬೇಕಾದದ್ದು ಆರ್ಡರ್ ಫಾರ್ಮಿನಿಂದ.

ಫಾರ್ಮನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಪ್ರತಿ ಅಂಕಣದ ಪಕ್ಕದಲ್ಲಿ ಆ ಮಾಹಿತಿ ಯಾವ ಕೆಲಸಕ್ಕೆ ಬೇಕು ಎಂದು ಬರೆಯಿರಿ. ಐದು ಕಿಲೋ ಬಾದಾಮಿ ಹಣ್ಣಿನ ಪೆಟ್ಟಿಗೆ ಮನೆ ಬಾಗಿಲಿಗೆ ತಲುಪಲು ಹೆಸರು, ವಿಳಾಸ, ಪಿನ್‌ಕೋಡ್ ಮತ್ತು ಮೊಬೈಲ್ ಸಂಖ್ಯೆ ಸಾಕು. ಹುಟ್ಟಿದ ದಿನಾಂಕ, ಲಿಂಗ, ಎರಡನೆಯ ಮೊಬೈಲ್ ಸಂಖ್ಯೆಗಳೆಲ್ಲ ಸಾಮಾನ್ಯವಾಗಿ ಸಿದ್ಧ ಫಾರ್ಮಿನ ಜೊತೆಗೇ ಬಂದು ಕುಳಿತಂಥವು. ಕಾರಣ ಬರೆಯಲಾಗದ ಅಂಕಣವನ್ನು ತೆಗೆದುಹಾಕಿ. ಪಡೆಯದ ಮಾಹಿತಿಯನ್ನು ಕಾಯುವ ಹೊಣೆಯೂ ಇರುವುದಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ವ್ಯಾಪಾರಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಕಾಯ್ದೆಯೊಳಗೇ ಒಂದು ಸರಳ ಉದಾಹರಣೆಯಿದೆ: ಔಷಧಿ ಅಂಗಡಿಯಲ್ಲಿ ಖರೀದಿಸಿದವರು, ಹಣ ಸಂದಾಯವಾದದ್ದಕ್ಕೆ ಮೊಬೈಲಿಗೆ ಸಂದೇಶ ಕಳುಹಿಸಿ ಎಂದು ತಾವಾಗಿಯೇ ವಿವರ ಕೊಟ್ಟರೆ, ಅಂಗಡಿಯವರು ಅದನ್ನು ಆ ಸಂದೇಶಕ್ಕಾಗಿ ಬಳಸಬಹುದು. ಆದರೆ ಈ ವರ್ಷ ಹಣ್ಣು ತಲುಪಿಸಲೆಂದು ಪಡೆದ ಸಂಖ್ಯೆಗೆ ಮುಂದಿನ ವರ್ಷ "ರಸಪುರಿ ಬಂದಿದೆ" ಎಂದು ವಾಟ್ಸಾಪ್ ಮಾಡುವುದು ಬೇರೆಯದೇ ಉದ್ದೇಶ. ಅದಕ್ಕೆ ಪ್ರತ್ಯೇಕ ಚೌಕವಿಡಿ, ಅದರಲ್ಲಿ ಮೊದಲೇ ಗುರುತು ಹಾಕಿರಬೇಡಿ. ಒಪ್ಪಿದಷ್ಟೇ ಸುಲಭವಾಗಿ ಹಿಂದೆಗೆದುಕೊಳ್ಳಲು, "ಬೇಡ" ಎಂದು ಒಂದು ಸಂದೇಶ ಕಳುಹಿಸಿದರೆ ಸಾಕಾಗುವಂತೆ ಮಾಡಿ. ಯಾವ ಮಾಹಿತಿ, ಏತಕ್ಕೆ, ದೂರು ಯಾರಿಗೆ ಎಂಬ ಸೂಚನೆಯನ್ನು ಗಿರಾಕಿ ಕನ್ನಡದಲ್ಲಿಯೂ ಓದುವಂತಿರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಅದನ್ನು ಪಡೆಯುವ ಆಯ್ಕೆಯನ್ನು ಕಾಯ್ದೆಯೇ ಅವರಿಗೆ ನೀಡಿದೆ.

ಇನ್ನು ಕುಕಿಗಳು. ಕುಕಿಯೆಂದರೆ ಜಾಲತಾಣವು ನೋಡುಗರ ಬ್ರೌಸರಿನಲ್ಲಿ ಬಿಟ್ಟುಹೋಗುವ ಸಣ್ಣ ಚೀಟಿ. ಕಾಯ್ದೆಯಲ್ಲಿ ಆ ಪದವಿಲ್ಲದಿದ್ದರೂ, ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯೆಲ್ಲ ವೈಯಕ್ತಿಕ ದತ್ತಾಂಶವೇ ಆದ್ದರಿಂದ, ಗುರುತಿನ ಸಂಖ್ಯೆ ಹೊತ್ತ ಕುಕಿಯನ್ನು ಹಾಗೆಂದೇ ಭಾವಿಸುವುದು ಕ್ಷೇಮ. ಬುಟ್ಟಿಗೆ ಹಾಕಿದ ಎರಡು ಪೆಟ್ಟಿಗೆಗಳನ್ನು ಹಣ ಕಟ್ಟುವವರೆಗೆ ನೆನಪಿಡುವ ಕುಕಿ ಅನಿವಾರ್ಯ. ತಾಣಕ್ಕೆ ಬಂದವರ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್‌ನ ಮುಖ್ಯ ಕುಕಿ ಮಾತ್ರ ಸಾಮಾನ್ಯವಾಗಿ ಎರಡು ವರ್ಷದ ಅವಧಿ ಹೊತ್ತು ಬರುವಂಥದ್ದು; ಕ್ರೋಮ್ ಬ್ರೌಸರ್ ಅದನ್ನು 400 ದಿನಕ್ಕೆ ಇಳಿಸುತ್ತದೆ.

ನಿಮ್ಮ ತಾಣದಲ್ಲಿ ಏನಿದೆಯೆಂದು ನೀವೇ ನೋಡಬಹುದು. ಕಂಪ್ಯೂಟರಿನಲ್ಲಿ ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿ ತೆರೆದು, ತಾಣಕ್ಕೆ ಹೋಗಿ, ಒಪ್ಪಿಗೆಯ ಪಟ್ಟಿಯಲ್ಲಿ ಏನನ್ನೂ ಒತ್ತದೆ, ಎಫ್12 ಕೀಲಿ ಅದುಮಿ, ಅಪ್ಲಿಕೇಶನ್ ಎಂಬ ಭಾಗದಲ್ಲಿ ಕುಕೀಸ್ ಎಂಬುದನ್ನು ಬಿಡಿಸಿ ನೋಡಿ. ಅನಲಿಟಿಕ್ಸ್ ಅಥವಾ ಫೇಸ್‌ಬುಕ್ ಜಾಹೀರಾತಿನ ಕುಕಿ ಆಗಲೇ ಅಲ್ಲಿ ಕುಳಿತಿದ್ದರೆ ನಿಮ್ಮ ಪಟ್ಟಿ ಬರೀ ಅಲಂಕಾರ. ಆ ಕುಕಿಯನ್ನು ತರುವ ಸ್ಕ್ರಿಪ್ಟ್, ಅಂದರೆ ಪುಟದೊಳಗಿನ ಕಿರು ಪ್ರೋಗ್ರಾಂ, ಗಿರಾಕಿ ಒಪ್ಪಿದ ಮೇಲಷ್ಟೇ ಓಡುವಂತೆ ಬದಲಿಸಬೇಕು. "ಬೇಡ" ಗುಂಡಿಯೂ "ಒಪ್ಪಿದೆ" ಗುಂಡಿಯಷ್ಟೇ ದೊಡ್ಡದಾಗಿರಲಿ. ತೋಟದ ವಿಡಿಯೊವನ್ನು ಯೂಟ್ಯೂಬಿನಿಂದ ನೇರವಾಗಿ ಪುಟಕ್ಕೆ ಅಂಟಿಸಿದ್ದರೆ ಅದೂ ಕುಕಿ ತರಬಹುದು; ಒಂದು ಚಿತ್ರವಿಟ್ಟು ಕೊಂಡಿ ಕೊಟ್ಟರೆ ಆಯಿತು. ದಿನಕ್ಕೆ ಮೂವತ್ತು ಜನ ಬರುವ ತಾಣಕ್ಕೆ ಅನಲಿಟಿಕ್ಸ್ ಬೇಕೇ ಎಂಬುದು ನನ್ನ ಹಳೆಯ ಪ್ರಶ್ನೆ. ಅದನ್ನು ತೆಗೆದವರಲ್ಲಿ ಕೆಲವರಿಗೆ ಒಪ್ಪಿಗೆಯ ಪಟ್ಟಿಯೇ ಬೇಕಾಗಲಿಲ್ಲ.

ಮಾಹಿತಿ ಸೋರುವುದು ಹೆಚ್ಚಾಗಿ ತಾಣದಿಂದಲ್ಲ, ಅದರಾಚೆಗಿನ ಆರ್ಡರ್ ಪಟ್ಟಿಯಿಂದ. ಈ ತಪ್ಪನ್ನು ನಾನೇ ಮಾಡಿದ್ದೇನೆ: ಹಂಗಾಮಿನ ಗಡಿಬಿಡಿಯಲ್ಲಿ ಡೆಲಿವರಿ ಹುಡುಗರಿಗೆಂದು ಆರ್ಡರ್‌ಗಳ ಆನ್‌ಲೈನ್ ಶೀಟನ್ನು ಕೊಂಡಿ ಸಿಕ್ಕವರೆಲ್ಲ ತೆರೆಯುವಂತೆ ಹಂಚಿ ಮರೆತುಬಿಟ್ಟೆ, ಮರುವರ್ಷ ನೋಡಿದಾಗ ಎಲ್ಲರ ಮನೆ ವಿಳಾಸವೂ ಹಾಗೆಯೇ ತೆರೆದಿತ್ತು. ಈಗ ಒಬ್ಬೊಬ್ಬರ ಇಮೇಲಿಗೆ, ಆ ದಿನದ ಸಾಲುಗಳಿರುವ ಬೇರೆ ಶೀಟನ್ನಷ್ಟೇ ಕೊಡುತ್ತೇನೆ. ಸೋರಿಕೆಯಾದರೆ ತೊಂದರೆಗೊಳಗಾದ ಗಿರಾಕಿಗಳಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, ಪೂರ್ಣ ವಿವರವನ್ನು 72 ಗಂಟೆಗಳೊಳಗೆ ಮಂಡಳಿಗೆ ಕೊಡಬೇಕು. ಭದ್ರತೆಯ ಲೋಪಕ್ಕೆ ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ. ಮಾವಿನ ಅಂಗಡಿಯನ್ನು ಎದುರಿಗಿಟ್ಟುಕೊಂಡು ಬರೆದ ಮೊತ್ತ ಅದಲ್ಲವಾದರೂ ಹೊಣೆ ತಪ್ಪುವುದಿಲ್ಲ.

ಅಳಿಸುವುದಕ್ಕೂ ಒಂದು ಕ್ರಮವಿದೆ. ದತ್ತಾಂಶವನ್ನೂ ಅದರ ಲಾಗ್‌ಗಳನ್ನೂ (ಅದರ ಬಳಕೆಯ ದಾಖಲೆಗಳನ್ನೂ) ಕನಿಷ್ಠ ಒಂದು ವರ್ಷ ಇಡಬೇಕೆಂದು ನಿಯಮಗಳು ಹೇಳುವುದರಿಂದ, ಹಂಗಾಮು ಮುಗಿದ ಮರುದಿನವೇ ಎಲ್ಲವನ್ನೂ ಅಳಿಸಬೇಡಿ. ಉಪ್ಪಿನಕಾಯಿಯನ್ನೂ ಮಾರಿ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ, ಬಿಲ್ಲುಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅವನ್ನು ಆರ್ಡರ್ ಪಟ್ಟಿಯಿಂದ ಬೇರ್ಪಡಿಸಿ ಇಡಿ. ಉಳಿದದ್ದಕ್ಕೆ ನಾನು ಇಟ್ಟುಕೊಂಡಿರುವ ದಿನ ನೀಲಂ ಹಣ್ಣೂ ಮುಗಿದ ಮೇಲಿನ ಆಗಸ್ಟ್ ಕೊನೆ: ಆಗ ಈ ವರ್ಷದ ಶೀಟ್ ಉಳಿಯುತ್ತದೆ, ಹೋದ ವರ್ಷದ್ದು ಮೂಲದಲ್ಲಿಯೂ ಬ್ಯಾಕಪ್‌ನಲ್ಲಿಯೂ ಅಂಗಡಿಯ ಮೊಬೈಲಿನಲ್ಲಿಯೂ ಅಳಿಯುತ್ತದೆ.