ಬ್ರಿಟನ್ನಿನ ಸಂಗೀತ ಕಾಲೇಜು: ಎಂಟನೇ ಗ್ರೇಡ್ ಆದಮೇಲೆ ಏನು?

ತುಮಕೂರು, ಕೋಲಾರದ ಕಡೆಯಿಂದ ಹೋಗಿ ಬ್ರಿಟನ್ನಿನಲ್ಲಿ ನೆಲೆಸಿದವರ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಸಂಗೀತ ಪರೀಕ್ಷೆ ಎಂದರೆ ಊರಲ್ಲಿ ಜೂನಿಯರ್, ಸೀನಿಯರ್, ವಿದ್ವತ್, ಇಲ್ಲಿ ಎಂಟು ಗ್ರೇಡ್. ಎಂಟನೆಯದು ಮುಗಿದರೆ ಸೀಟು ಗ್ಯಾರಂಟಿ. ಹಾಗೇನಿಲ್ಲ.

ಗ್ರೇಡಿಗೆ ಸಿಗುವ ಯುಕಾಸ್ (ಬ್ರಿಟನ್ನಿನ ಕಾಲೇಜು ಪ್ರವೇಶ ಸಂಸ್ಥೆ) ಪಾಯಿಂಟ್ ಕೆಲಸಕ್ಕೆ ಬರುವುದು ಯೂನಿವರ್ಸಿಟಿಗಳಲ್ಲಿ. ಎಂಟನೇ ಗ್ರೇಡ್ ಪ್ರಾಕ್ಟಿಕಲ್ ಡಿಸ್ಟಿಂಕ್ಷನ್‌ಗೆ ಮೊದಲು 75 ಪಾಯಿಂಟ್ ಇತ್ತು, 2017ರ ಪ್ರವೇಶದಿಂದ 30. ಬೆಲೆ ಬಿತ್ತು ಎಂದು ಗಾಬರಿಯಾಗಬೇಡಿ: ಎ ಲೆವೆಲ್‌ನ (ನಮ್ಮ ಪಿಯುಸಿ ಮಟ್ಟದ ಪರೀಕ್ಷೆ) ಎ ಕೂಡ 120ರಿಂದ 48ಕ್ಕೆ ಇಳಿದಿದೆ, ಅಳತೆಗೋಲೇ ಬದಲಾಗಿದ್ದು. ಕನ್ಸರ್ವೇಟೋಯರ್‌ಗಳ, ಅಂದರೆ ಸಂಗೀತಕ್ಕೇ ಮೀಸಲಾದ ಕಾಲೇಜುಗಳ, ದಾರಿ ಬೇರೆ. ಹಲವು ಕಡೆ ಎ ಲೆವೆಲ್‌ನಲ್ಲಿ ಎರಡು ಇ (ಪಾಸಿನ ಕನಿಷ್ಠ ದರ್ಜೆ) ಸಾಕು. ಸುಲಭ ಅನ್ನಿಸುತ್ತದೆ, ಆದರೆ ಸೋಸುವುದೆಲ್ಲ ಆಡಿಷನ್ನಿನಲ್ಲಿ.

ಮಕ್ಕಳು ಎಡವುವುದೂ ಅಲ್ಲೇ. 2020ರಲ್ಲಿ ಈ ಗ್ರೇಡ್ ಪರೀಕ್ಷೆ ನಡೆಸುವ ಸಂಸ್ಥೆ ಎಬಿಆರ್‌ಎಸ್‌ಎಂ ಪರ್ಫಾರ್ಮೆನ್ಸ್ ಗ್ರೇಡ್ ತಂದಿತು: ನಾಲ್ಕು ಕೃತಿ ಒಂದರ ಹಿಂದೊಂದು ನುಡಿಸಿ ರೆಕಾರ್ಡ್ ಮಾಡಿ ಕಳಿಸಿದರಾಯಿತು, ಸ್ಕೇಲ್, ಸೈಟ್ ರೀಡಿಂಗ್ (ಮೊದಲ ಸಲ ಕಂಡ ನೊಟೇಶನ್ ನುಡಿಸುವುದು), ಆರಲ್ (ಕೇಳಿ ಗುರುತಿಸುವುದು) ಯಾವುದೂ ಇಲ್ಲ. ಆಡಿಷನ್ನಿನಲ್ಲಿ ಅವನ್ನೇ ಕೇಳಬಹುದು. ಕಾಲೇಜಿನ ಕಡೆ ಹೊರಟ ಮಗುವಿಗೆ ಹಳೆಯ ಪ್ರಾಕ್ಟಿಕಲ್ ಗ್ರೇಡೇ ಕಟ್ಟಿಸಿ. ಎರಡರಲ್ಲೂ ಆರನೇ ಗ್ರೇಡ್ ಮತ್ತು ಅದರ ಮೇಲಿನವನ್ನು ಕಟ್ಟಲು ಸಾಮಾನ್ಯವಾಗಿ ಐದನೇ ಗ್ರೇಡ್ ಥಿಯರಿ ಬೇಕು. ಆ ಥಿಯರಿಯಲ್ಲಿ 75ಕ್ಕೆ 50 ಬಂದರೆ ಪಾಸ್.

ಪ್ರಧಾನ ವಿಷಯದ ಪಟ್ಟಿಯಲ್ಲಿ ಹೆಚ್ಚಿನ ಕಡೆ ಕರ್ನಾಟಕ ಗಾಯನ, ವೀಣೆ, ಮೃದಂಗ ಇರುವುದಿಲ್ಲ. ಕೈವಾರದ ಗುರುಪೂರ್ಣಿಮೆಯಲ್ಲಿ ಹಾಡಿದ್ದನ್ನು ಅರ್ಜಿಯ ಬರಹದಲ್ಲಿ ಹೇಳಿ, ಆಡಿಷನ್ನಿಗೆ ಆ ವಿಡಿಯೊ ಆಗದು. ಪಿಟೀಲಿನವರಿಗೆ ತೊಂದರೆ ಹೆಚ್ಚು. ನಮ್ಮಲ್ಲಿ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು, ಸ-ಪ-ಸ-ಪ ಶ್ರುತಿ. ಅಲ್ಲಿ ನಿಂತು, ಜಿ-ಡಿ-ಎ-ಇ. ಒಂದೇ ವಾದ್ಯವನ್ನು ದಿನಾ ಏರಿಸಿ ಇಳಿಸಿದರೆ ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ, ಎರಡು ಪಿಟೀಲು ಇಡಿ. ಗಮಕದ ಅಭ್ಯಾಸದಿಂದ ಬೆರಳು ಜಾರಿದರೆ ಪರೀಕ್ಷಕರ ಕಿವಿಗೆ ಅಪಸ್ವರ. ನಮ್ಮ ಷಡ್ಜ ಕೂರಿಸಿದಲ್ಲಿ ಕೂರುತ್ತದೆ, ಅವರ ಸಿ ಕದಲುವುದಿಲ್ಲ. ಹಾಗಾಗಿ ಸಿಯನ್ನು ಷಡ್ಜ ಮಾಡಿ ಮಾಯಾಮಾಳವಗೌಳದ ಸರಳೆಯನ್ನು ಸ್ಟಾಫ್ ನೊಟೇಶನ್ನಿನಲ್ಲಿ ಬರೆಸಿ: ಸಿ, ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ. ಬಾಯಿಪಾಠವಾಗಿರುವುದನ್ನೇ ಕಣ್ಣಿಗೂ ಕಲಿಸಿದ ಹಾಗೆ.

ಅರ್ಜಿ ಯುಕಾಸ್ ಕನ್ಸರ್ವೇಟೋಯರ್ಸ್ ಮೂಲಕ, ಆರು ಆಯ್ಕೆಗಳವರೆಗೆ. ಸಂಗೀತಕ್ಕೆ ಕೊನೆಯ ದಿನ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿಯುತ್ತದೆ. ಯೂನಿವರ್ಸಿಟಿಗಳ ಜನವರಿ ತಾರೀಖನ್ನು ನಂಬಿ ಕೂತವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. ಅರ್ಜಿ ಶುಲ್ಕದ ಮೇಲೆ ಕಾಲೇಜಿಗೊಂದರಂತೆ ಆಡಿಷನ್ ಶುಲ್ಕ ಬೇರೆ.

ಇಂಗ್ಲೆಂಡಿನಲ್ಲಿ ಹೋಂ ಫೀ (ಸ್ಥಳೀಯರಿಗಿರುವ ಕಡಿಮೆ ಶುಲ್ಕ) ಸಿಗಲು ಸಾಮಾನ್ಯವಾಗಿ ಮೂರು ವರ್ಷದ ವಾಸ ಮಾತ್ರ ಸಾಲದು, ಕೋರ್ಸಿನ ಮೊದಲ ಶೈಕ್ಷಣಿಕ ವರ್ಷ ಶುರುವಾಗುವ ದಿನ ಪೌರತ್ವವೋ ಐಎಲ್‌ಆರೋ (ಖಾಯಂ ವಾಸದ ಅನುಮತಿ) ಕೈಯಲ್ಲಿರಬೇಕು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರ ಮಗುವಿಗೆ ಐಎಲ್‌ಆರ್ ಕೆಲವೇ ತಿಂಗಳು ತಡವಾಗಿ ಬರುವಂತಿದ್ದರೆ, ಮುಂದಿನ ವರ್ಷಕ್ಕೆ ಅರ್ಜಿ ಹಾಕುವುದೇ ಮೇಲು.