ಆಟದ ಮೇಜಿಗೆ ಹುಲಿ ಬಿಡುವ ಮುನ್ನ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಮೇಜಿನ ಸುತ್ತ ಕೂತು ದಾಳ ಹಾಕುತ್ತಾ ಒಟ್ಟಿಗೆ ಕಥೆ ಕಟ್ಟುವ ಆಟದಲ್ಲಿ ಹುಲಿ ಬಂದರೆ ಸಾಮಾನ್ಯವಾಗಿ ಆಗುವುದು ಇಷ್ಟೇ. "ಪೊದೆಯಿಂದ ಹುಲಿಯೊಂದು ಗರ್ಜಿಸುತ್ತಾ ಹೊರಬಂತು" ಅನ್ನುತ್ತಾರೆ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು), ಯಾರ ಸರದಿ ಮೊದಲು ಅಂತ ತಿಳಿಯಲು ಎಲ್ಲರೂ ಇನಿಶಿಯೇಟಿವ್ ದಾಳ ಹಾಕುತ್ತಾರೆ, ಎರಡು ಸುತ್ತಿನಲ್ಲಿ ಹುಲಿ ಸತ್ತು ಬೀಳುತ್ತದೆ. ಆ ಜಾಗದಲ್ಲಿ ಕರಡಿ ಇದ್ದಿದ್ದರೂ ಹೀಗೇ ಆಗುತ್ತಿತ್ತು. ಬೇಟೆಗೆ ಹೊರಟ ಹುಲಿ ಗರ್ಜಿಸುವುದಿಲ್ಲ, ಎದುರಿಗೂ ಬರುವುದಿಲ್ಲ. ಹೊಂಚು ಹಾಕುವುದೇ ಅದರ ಕಸುಬು, ಆ ಹೊಂಚಿಗೆ ಆಟದಲ್ಲಿ ಜಾಗ ಮಾಡಿಕೊಡಬೇಕಾದವರು ಡಿಎಂ. ಇಲ್ಲಿರುವ ಲೆಕ್ಕವೆಲ್ಲ 5ನೇ ಆವೃತ್ತಿಯ 2014ರ ನಿಯಮಗಳದ್ದು.

ಮೊದಲು ಯಾವ ಪ್ರಾಣಿ ಅಂತ ತೀರ್ಮಾನಿಸಿ. ಹುಲಿಗೆ ಆರ್ಮರ್ ಕ್ಲಾಸ್ (ಏಟು ತಗುಲಲು ದಾಳಿಯ ದಾಳ ಮುಟ್ಟಬೇಕಾದ ಅಂಕ) 12, ಹಿಟ್ ಪಾಯಿಂಟ್ (ಜೀವದ ಲೆಕ್ಕ) 37, ಒಂದು ಸರದಿಯ ವೇಗ 40 ಅಡಿ, ಚಾಲೆಂಜ್ ರೇಟಿಂಗ್ (ಎದುರಾಳಿ ಎಷ್ಟು ಕಠಿಣ ಎಂಬ ಅಳತೆ) 1. ಸಿಂಹದ ರೇಟಿಂಗ್ ಅಷ್ಟೇ, ಹಿಟ್ ಪಾಯಿಂಟ್ 26, ವೇಗ 50. ಆದರೆ ಅದಕ್ಕೆ ಪ್ಯಾಕ್ ಟ್ಯಾಕ್ಟಿಕ್ಸ್ ಇದೆ: ಗುರಿಯ ಪಕ್ಕದಲ್ಲಿ ಸಂಗಾತಿಯೊಬ್ಬ ನಿಂತಿದ್ದರೆ ದಾಳಿಗೆ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. ಒಂಟಿ ಸಿಂಹ ಬಿಟ್ಟರೆ ಆ ಬಲವೇ ವ್ಯರ್ಥ, ಕನಿಷ್ಠ ಎರಡಾದರೂ ಇರಲಿ. ಚಿರತೆಗೆ ಪುಸ್ತಕದಲ್ಲಿ ಪ್ಯಾಂಥರ್ ಅಂತ ಹೆಸರು. ಹಿಟ್ ಪಾಯಿಂಟ್ ಬರೀ 13, ರೇಟಿಂಗ್ ಕಾಲು, ಆದರೆ 40 ಅಡಿ ವೇಗದಲ್ಲಿ ಮರ ಹತ್ತುತ್ತದೆ. ಅದನ್ನು ನೆಲದ ಮೇಲೆ ನಿಲ್ಲಿಸಿ ಹೊಡೆದಾಡಿಸುವುದು ದಡ್ಡತನ.

ಪುಸ್ತಕದ ಅಂಕಿಗಳಲ್ಲಿ ಎರಡು ಕಡೆ ಕೈಯಾಡಿಸಿ. ಹುಲಿಗೆ 60 ಅಡಿ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಕೊಟ್ಟವರು ಸಿಂಹಕ್ಕೂ ಚಿರತೆಗೂ ಕೊಡಲು ಮರೆತಿದ್ದಾರೆ. ರಾತ್ರಿ ಬೇಟೆಯಾಡುವ ಈ ಎರಡರ ಕಣ್ಣಿನ ಹಿಂಭಾಗದಲ್ಲೂ ಬೆಳಕನ್ನು ಮರಳಿಸುವ ಪದರವಿದೆ, ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುವುದು ಅದರಿಂದಲೇ. ಮೂರಕ್ಕೂ 60 ಅಡಿ ಕೊಟ್ಟುಬಿಡಿ. ಇನ್ನೊಂದು, ಹುಲಿಗೂ ಚಿರತೆಗೂ ವಾಸನೆಯ ಮೇಲೆ ಅಡ್ವಾಂಟೇಜ್ ಇದೆ. ಇವು ಬೇಟೆಯನ್ನು ಪತ್ತೆ ಹಚ್ಚುವುದು ಮುಖ್ಯವಾಗಿ ಕಿವಿ, ಕಣ್ಣಿನಿಂದ. ಮೂಗು ಹೆಚ್ಚಾಗಿ ತಮ್ಮ ಜಾತಿಯವರು ಬಿಟ್ಟುಹೋದ ಗುರುತು ಓದುವುದಕ್ಕೆ. ಆ ಅಡ್ವಾಂಟೇಜನ್ನು ಶ್ರವಣಕ್ಕೆ ವರ್ಗಾಯಿಸಿ. ಆಗ ಕಬ್ಬಿಣದ ಕವಚ ತೊಟ್ಟು ಝಣಝಣ ನಡೆಯುವವನಿಗೆ ನಿಜವಾದ ತೊಂದರೆ ಶುರುವಾಗುತ್ತದೆ.

ಹುಲಿ ಕಾಣಿಸುವ ಮುಂಚೆ ಮೂರು ಸುಳಿವು ಕೊಡಿ, ಒಂದಕ್ಕಿಂತ ಇನ್ನೊಂದು ಹತ್ತಿರದ್ದು. ಮೊದಲನೆಯದು ಹೆಜ್ಜೆಗುರುತು. ನಾಲ್ಕು ಬೆರಳು, ಹಿಂದೆ ಮೂರು ಉಬ್ಬಿನ ಅಂಗಾಲು, ಉಗುರಿನ ಗೀರು ಇಲ್ಲ. ಗೀರಿದ್ದರೆ ನಾಯಿಯ ಜಾತಿ, ಇಲ್ಲವೇ ಚೀತಾ. ನೇಚರ್ ಪರೀಕ್ಷೆಯಲ್ಲಿ (ಕಾಡಿನ ತಿಳಿವಳಿಕೆಗೆ ಹಾಕುವ ದಾಳ) 10 ಬಂದರೆ "ದೊಡ್ಡ ಬೆಕ್ಕು", 15 ಬಂದರೆ "ಹುಲಿ, ಇವತ್ತು ಬೆಳಗಿನದು". ಎರಡನೆಯದು ವಾಸನೆ: ಹುಲಿ ಮರಕ್ಕೆ ಚಿಮ್ಮಿಸುವ ದ್ರವದಲ್ಲಿ ಬಾಸುಮತಿ ಅಕ್ಕಿಯ ಘಮಕ್ಕೆ ಕಾರಣವಾದ ಅದೇ ರಾಸಾಯನಿಕ ಇದೆ. ಕಾಡಿನ ನಡುವೆ ಅನ್ನ ಬೇಯುವ ವಾಸನೆ ಬಂತು ಅಂದು ಸುಮ್ಮನಾಗಿ. ಆಟಗಾರರು ಯಾರದ್ದೋ ಒಲೆ ಹುಡುಕಿಕೊಂಡು ಹೋಗುತ್ತಾರೆ. ಮೂರನೆಯದು ಸದ್ದು, ಅದೂ ಹುಲಿಯದಲ್ಲ, ಬೇರೆಯವರದ್ದು. ಕಡವೆ ಒಮ್ಮೆ ಜೋರಾಗಿ ಕೂಗುತ್ತದೆ, ಮರದ ಮೇಲಿನ ಮುಸುವಗಳು ಕೆಮ್ಮಿದಂತೆ ಕಿರುಚುತ್ತವೆ, ಆಮೇಲೆ ಎಲ್ಲವೂ ನಿಶ್ಶಬ್ದ. ಚಿರತೆಯಾದರೆ ಗರಗಸದಲ್ಲಿ ಮರ ಕೊಯ್ದಂಥ ದನಿಯನ್ನು ಹಿಂದಿನ ರಾತ್ರಿಯೇ ಕೇಳಿಸಿ.

ಈಗ ನಕ್ಷೆ. ಹೆಚ್ಚಿನವರು ಎಡವುವುದು ಇಲ್ಲೇ. ಹುಲಿಯ ಶಕ್ತಿಯೆಲ್ಲ ಇರುವುದು ಪೌನ್ಸ್‌ನಲ್ಲಿ: ನೇರ ಸಾಲಿನಲ್ಲಿ ಕನಿಷ್ಠ 20 ಅಡಿ, ಅಂದರೆ ನಾಲ್ಕು ಚೌಕ, ಗುರಿಯತ್ತ ನುಗ್ಗಿ ಪಂಜದ ಏಟು ತಗುಲಿದರೆ ಆ ವ್ಯಕ್ತಿ 13ರ ಸ್ಟ್ರೆಂತ್ ಸೇವ್ ಮಾಡಬೇಕು, ಅಂದರೆ ಬಲದ ದಾಳದಲ್ಲಿ 13 ಅಥವಾ ಹೆಚ್ಚು ತರಬೇಕು. ತಪ್ಪಿದರೆ ನೆಲಕ್ಕೆ. ಬಿದ್ದವನನ್ನು ಹುಲಿ ಅದೇ ಸರದಿಯ ಹೆಚ್ಚುವರಿ ಕ್ರಿಯೆಯಲ್ಲಿ, ಅಂದರೆ ಬೋನಸ್ ಆಕ್ಷನ್‌ನಲ್ಲಿ ಕಚ್ಚಬಹುದು. ಹುಲಿಯನ್ನು ಎರಡು ಚೌಕ ದೂರದಲ್ಲಿಟ್ಟು ಆಟ ಶುರುಮಾಡಿದರೆ ಪೌನ್ಸ್ ಇಲ್ಲ, ಹುಲಿಯೂ ಇಲ್ಲ.

ನಡುವೆ ದಟ್ಟ ಪೊದೆಯಿದ್ದರೆ ಪ್ರತಿ ಅಡಿಗೆ ಎರಡರಷ್ಟು ವೇಗ ಖರ್ಚು. 40 ಅಡಿಯ ಹುಲಿ ಆಗ ಸರಿಯಾಗಿ ನಾಲ್ಕು ಚೌಕವಷ್ಟೇ ಓಡಬಲ್ಲದು. ಹಾಗಾಗಿ ಪೊದೆಯಲ್ಲಿ ಅದರ ಮುಂಭಾಗ ಗುರಿಯಿಂದ ಐದನೇ ಚೌಕದಲ್ಲೇ ಇರಬೇಕು. ಆರನೆಯದಾದರೆ ಮುಟ್ಟುವುದಿಲ್ಲ, ನಾಲ್ಕನೆಯದಾದರೆ ಪೌನ್ಸ್ ಸಿಗುವುದಿಲ್ಲ. ರಾತ್ರಿ ಬಯಲಿನಲ್ಲಿ ಲೆಕ್ಕ ಇನ್ನೂ ಸೊಗಸು. ಪಂಜಿನ ಬೆಳಕು 20 ಅಡಿ, ಮಬ್ಬು ಬೆಳಕು ಇನ್ನೊಂದು 20, ಒಟ್ಟು ಎಂಟು ಚೌಕ. ಒಂಬತ್ತನೆಯದರಲ್ಲಿ ಕಗ್ಗತ್ತಲು. ಅಲ್ಲಿ ಕೂತ ಹುಲಿ ಎಂಟು ಚೌಕ ಓಡಿದರೆ ಪಂಜು ಹಿಡಿದವನ ಪಕ್ಕಕ್ಕೇ ಬಂದು ನಿಲ್ಲುತ್ತದೆ, ಒಂದಡಿಯೂ ಹೆಚ್ಚು ಕಡಿಮೆ ಇಲ್ಲದೆ.

ಸ್ಟೆಲ್ತ್ (ಅಡಗುವ ದಾಳಕ್ಕೆ ಕೂಡಿಸುವ ಅಂಕ) +6 ಇರುವುದರಿಂದ ಹುಲಿಯ ಸರಾಸರಿ 16ರ ಆಸುಪಾಸು. ಅದನ್ನು ಗುಂಪಿನವರು ದಾಳ ಹಾಕದೆಯೇ ಗಮನಿಸುವ ಅಂಕಕ್ಕೆ, ಅಂದರೆ ಪ್ಯಾಸಿವ್ ಪರ್ಸೆಪ್ಷನ್‌ಗೆ ಹೋಲಿಸಿ, ಮಬ್ಬು ಬೆಳಕಿನಲ್ಲಿ ನೋಡುವವರಿಗೆ 5 ಕಳೆಯುವುದು ಮರೆಯಬೇಡಿ. ಗಮನಿಸದವರಿಗೆ ಸರ್ಪ್ರೈಸ್, ಮೊದಲ ಸರದಿಯಲ್ಲಿ ಅವರು ಏನೂ ಮಾಡಲಾಗದು. ಆದರೆ ಬೆಳಕಿಗೆ ಬಂದ ಮೇಲೂ ಹುಲಿ ಅಡಗಿದೆ ಎಂದು ಅಡ್ವಾಂಟೇಜ್ ಬೇರೆ ಕೊಡಬೇಡಿ, ಸರ್ಪ್ರೈಸ್ ಒಂದೇ ಸಾಕಷ್ಟು ಕ್ರೂರ.

ಗುರಿ ಯಾರು? ಸಾಲಿನ ಕೊನೆಯವರು, ನೀರು ಕುಡಿಯಲು ಬಗ್ಗಿದವರು, ಒಂಟಿಯಾದವರು. ಯಾವಾಗಲೂ ಹಿಂದಿನಿಂದ. 1980ರ ದಶಕದಲ್ಲಿ ಸುಂದರಬನದ ಕಾಡಿಗೆ ಹೋಗುವವರು ತಲೆಯ ಹಿಂಬದಿಗೆ ಮನುಷ್ಯನ ಮುಖವಾಡ ಕಟ್ಟಿಕೊಂಡಿದ್ದು ಇದಕ್ಕೇ, ಸ್ವಲ್ಪ ಕಾಲ ಅದು ಕೆಲಸವನ್ನೂ ಮಾಡಿತು. ನಿಮ್ಮ ಆಟಗಾರರಿಗೆ ಈ ಉಪಾಯ ತಾನಾಗಿ ಹೊಳೆದರೆ ಹುಲಿ ಬೇರೆ ಗುರಿ ಹುಡುಕಲಿ.

ಮೊದಲ ಲೆವೆಲ್‌ನ ಗುಂಪಿನ ಮೇಲೆ ಬಿಡುವುದಾದರೆ ಒಂದು ಎಚ್ಚರಿಕೆ. ನಾಲ್ವರಿಗೆ ಒಂದು ಹುಲಿ "ಮೀಡಿಯಂ" ಅನ್ನುತ್ತದೆ ಪುಸ್ತಕ, ಗೆದ್ದರೆ ಸಿಗುವ ಅನುಭವದ ಅಂಕ 200 ಎಕ್ಸ್‌ಪಿ. ಆದರೆ 7 ಹಿಟ್ ಪಾಯಿಂಟ್ ಇರುವ ವಿಝರ್ಡ್‌ನನ್ನು ನೋಡಿ. ಪಂಜದ ಏಟು 1ಡಿ8+3 (ಎಂಟು ಮುಖದ ಒಂದು ದಾಳ, ಜೊತೆಗೆ 3), ಸರಾಸರಿ 7. ಅಲ್ಲಿಗೆ ಅವನು ಸೊನ್ನೆ, ಪ್ರಜ್ಞೆ ಇಲ್ಲ. ಬೋನಸ್ ಕಚ್ಚುವಿಕೆ 1ಡಿ10+3. ಪ್ರಜ್ಞೆ ತಪ್ಪಿದವನಿಗೆ ಪಕ್ಕದಿಂದ ತಗುಲಿದರೆ ಅದು ಕ್ರಿಟಿಕಲ್, ದಾಳ ಎರಡರಷ್ಟು, ಸರಾಸರಿ 14. ಅವನ ಪೂರ್ತಿ ಹಿಟ್ ಪಾಯಿಂಟ್‌ಗಿಂತ ಹೆಚ್ಚಾದ್ದರಿಂದ ಬದುಕುಳಿಯಲು ಹಾಕುವ ಡೆತ್ ಸೇವ್‌ಗೂ ಅವಕಾಶವಿಲ್ಲ, ನೇರ ಸಾವು. ಇದು ಕೆಟ್ಟ ದಾಳವಲ್ಲ, ಸರಾಸರಿ ದಾಳ. ಅದಕ್ಕೆ ಕೆಳಗಿನ ಲೆವೆಲ್‌ಗಳಲ್ಲಿ ಕಚ್ಚುವುದನ್ನು ಬಿಟ್ಟು ಎಳೆದೊಯ್ಯುವುದನ್ನು ಇಟ್ಟುಕೊಳ್ಳಿ. ಮನೆ ನಿಯಮವೇ ಸರಿ, ಹುಲಿಯ ಸ್ವಭಾವಕ್ಕೂ ಹತ್ತಿರ: ಬಿದ್ದವನನ್ನು ಬಾಯಲ್ಲಿ ಹಿಡಿದು ಪೊದೆಯತ್ತ ಹೊರಡುತ್ತದೆ, ವೇಗ ಅರ್ಧವಾಗಿ 20 ಅಡಿ. 30 ಅಡಿ ಓಡುವ ಗೆಳೆಯರು ಬೆನ್ನಟ್ಟಿ ಬಿಡಿಸಬಹುದು. ಸಾಯುವವರೆಗೆ ಹೊಡೆದಾಡುವುದಕ್ಕಿಂತ ಈ ಬೆನ್ನಟ್ಟುವಿಕೆ ಎಷ್ಟೋ ಪಾಲು ಚೆನ್ನಾಗಿರುತ್ತದೆ.

ಹಿಂದೆ ಸರಿಯುವುದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ನಿಜವಾದ ಹುಲಿಯ ಬಹುಪಾಲು ದಾಳಿಗಳು ವಿಫಲವೇ, ಗಾಯವಾದರೆ ಮುಂದಿನ ಬೇಟೆಯೂ ಕಷ್ಟ. ಮೊದಲ ನುಗ್ಗು ತಪ್ಪಿದರೆ, ಅಥವಾ ಹಿಟ್ ಪಾಯಿಂಟ್ 18ಕ್ಕೆ ಇಳಿದರೆ, ಡಿಸ್‌ಎಂಗೇಜ್ (ಏಟು ತಿನ್ನದೆ ಹಿಂದೆ ಸರಿಯುವ ಕ್ರಿಯೆ) ಮಾಡಿ ಕತ್ತಲಿಗೆ ಸೇರಲಿ. ಬೇಟೆ ಅರ್ಧ ತಿಂದಿದ್ದರೆ ಮರುದಿನ ರಾತ್ರಿ ಅಲ್ಲಿಗೇ ಬರುತ್ತದೆ. ಹುಲಿ ಹಿಂಭಾಗದಿಂದ ತಿನ್ನಲು ಶುರುಮಾಡುತ್ತದೆ, ಚಿರತೆ ಸಾಮಾನ್ಯವಾಗಿ ಹೊಟ್ಟೆಯಿಂದ. ಸತ್ತ ಹೇಸರಗತ್ತೆಯನ್ನು ಪರೀಕ್ಷಿಸುವ ರೇಂಜರ್‌ಗೆ ಈ ಒಂದು ವಿವರ ಸಾಕು.

ಚೀತಾ ಬೇಕೆಂದರೆ ಪ್ಯಾಂಥರ್ ಅಂಕಿಗಳನ್ನೇ ತಿದ್ದಿ: ಮರ ಹತ್ತುವ ವೇಗ ತೆಗೆಯಿರಿ, ಒಂದು ಸರದಿ ಮಾತ್ರ ವೇಗ ಮೂರು ಪಟ್ಟು, ಮುಂದಿನ ಎರಡು ಸರದಿ ಏದುಸಿರು. ಅದು ಗರ್ಜಿಸಲಾರದು, ಹಕ್ಕಿಯಂತೆ ಚಿಲಿಪಿಲಿ ಮಾಡುತ್ತದೆ. ಬೇರೆ ಪ್ರಾಣಿ ಬಂದರೆ ಬೇಟೆ ಬಿಟ್ಟುಕೊಟ್ಟು ಹೋಗುವುದೂ ಉಂಟು.

ಆಟಗಾರರೇ ಬೆಕ್ಕಾಗಬೇಕೆಂದರೆ: ಪ್ರಾಣಿಯ ರೂಪ ತಾಳಬಲ್ಲ ಡ್ರೂಯಿಡ್ ಪಾತ್ರ ಎರಡನೇ ಲೆವೆಲ್‌ನಲ್ಲೇ ಚಿರತೆಯಾಗಬಹುದು. ಹುಲಿಯಾಗಲು ಎಂಟನೇ ಲೆವೆಲ್‌ವರೆಗೆ ಕಾಯಬೇಕು, ಸರ್ಕಲ್ ಆಫ್ ದ ಮೂನ್ ಎಂಬ ಪಂಥ ಆರಿಸಿಕೊಂಡವರಿಗೆ ಮಾತ್ರ ಎರಡರಲ್ಲೇ ಸಿಗುತ್ತದೆ. ಹುಲಿಯ 37ನ್ನು ತಮ್ಮ ಹಿಟ್ ಪಾಯಿಂಟ್‌ಗೆ ಕೂಡಿಸಿಕೊಳ್ಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅದು ಬೇರೆಯದೇ ಲೆಕ್ಕ, ಬೇರೆ ಚೀಟಿಯಲ್ಲಿ ಬರೆಸಿ. ಹುಲಿಗೆ 5 ಉಳಿದಿದ್ದಾಗ 11ರ ಏಟು ಬಿದ್ದರೆ ರೂಪ ಕಳಚಿ, ಮಿಕ್ಕ 6 ಡ್ರೂಯಿಡ್‌ನ ಮೈಮೇಲೆ ಬೀಳುತ್ತದೆ.